ಭದ್ರತೆಗೆ ಒಂದೇ ಶಾಸ್ತ್ರ ಸಾಲದು

ಭದ್ರತೆಯೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗಡಿ, ಸೈನಿಕ, ಫಿರಂಗಿ. ಆದರೆ ನಗರವೊಂದರ ನೆಮ್ಮದಿ ಕದಡಲು ಶತ್ರುಸೇನೆಯೇ ಬರಬೇಕೆಂದಿಲ್ಲ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಪಶ್ಚಿಮ ಭಾಗವು ಇದನ್ನು ಕಣ್ಣಾರೆ ಕಂಡಿತು. ಕಾವೇರಿ ವಿವಾದದಿಂದ ಕೆರಳಿದ ಗುಂಪುಗಳು ಬಸ್ಸು ಲಾರಿಗಳಿಗೆ ಬೆಂಕಿಯಿಟ್ಟವು. ಪೊಲೀಸರ ಗುಂಡಿಗೆ ಒಂದು ಜೀವ ಬಲಿಯಾಯಿತು. ರಾಜಾಜಿನಗರ, ವಿಜಯನಗರ, ಕೆಂಗೇರಿ, ಜ್ಞಾನಭಾರತಿಗಳೂ ಸೇರಿದಂತೆ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಗೆ ಬಂದಿತು.

ಇದರ ಕಾರಣವನ್ನು ಯಾವ ಶಾಸ್ತ್ರದಲ್ಲಿ ಹುಡುಕೋಣ? ಆ ವರ್ಷ ಮಳೆ ಸಾಲದೆ ಜಲಾಶಯಗಳು ತುಂಬಿರಲಿಲ್ಲ. ಇದು ಹವಾಮಾನಶಾಸ್ತ್ರದ ವಿಷಯ. ತಮಿಳುನಾಡಿಗೆ 10 ದಿನ ದಿನಂಪ್ರತಿ 15,000 ಕ್ಯುಸೆಕ್ ನೀರು ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಸೆಪ್ಟೆಂಬರ್ 5ರಂದು ಆಜ್ಞಾಪಿಸಿತು; ಇದು ನ್ಯಾಯಶಾಸ್ತ್ರದ ವಿಷಯ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಆ ಲೆಕ್ಕದಲ್ಲಿ ದಿನವೊಂದಕ್ಕೆ ಸುಮಾರು 130 ಕೋಟಿ ಘನ ಅಡಿ ನೀರು. 12ರಂದು ನ್ಯಾಯಾಲಯವು ಪ್ರಮಾಣವನ್ನು 12,000 ಕ್ಯುಸೆಕ್ಕಿಗೆ ಇಳಿಸಿ, ಅವಧಿಯನ್ನು 20ರವರೆಗೆ ವಿಸ್ತರಿಸಿತು. ದಿನದ ಲೆಕ್ಕ ಇಳಿಯಿತು, ಒಟ್ಟು ಲೆಕ್ಕ ಏರಿತು. ಬೀದಿಯಲ್ಲಿದ್ದ ಎಷ್ಟು ಮಂದಿ ಈ ಗಣಿತವನ್ನು ಮಾಡಿದ್ದಾರು? ಎರಡೂ ರಾಜ್ಯಗಳಲ್ಲಿ ನಡೆದ ಹಲ್ಲೆಗಳ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಹರಿದು ಮನಸ್ಸುಗಳನ್ನು ಕೆರಳಿಸುತ್ತಿದ್ದವು. ಇಲ್ಲಿ ಮನೋವಿಜ್ಞಾನಿಯೂ ಗಣಕವಿಜ್ಞಾನಿಯೂ ಬೇಕು.

ಎಲ್ಲ ಶಾಸ್ತ್ರಗಳನ್ನೂ ಬೆರೆಸಿದರೆ ಯಾವುದರಲ್ಲಿಯೂ ಆಳವಿರದೆಂದು ಕೆಲವರು ಆಕ್ಷೇಪಿಸಬಹುದು. ಬೆರೆಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಪ್ರತಿಯೊಬ್ಬರೂ ತಮ್ಮ ಶಾಸ್ತ್ರದಲ್ಲಿ ಆಳಕ್ಕಿಳಿಯಲಿ. ಆದರೆ ಎದುರಿಗಿರುವ ಪ್ರಶ್ನೆ ಒಂದೇ ಆಗಿರಲಿ. ಜಲತಜ್ಞನು ನೀರನ್ನು ಅಳೆಯಬಲ್ಲನು, ಸಿಟ್ಟನ್ನು ಅಳೆಯಲಾರನು. ಸಮಾಜಶಾಸ್ತ್ರಜ್ಞನು ಸಿಟ್ಟಿನ ಮೂಲವನ್ನು ಬಲ್ಲನು, ಜಲಾಶಯದ ಮಟ್ಟವನ್ನು ಅರಿಯನು.

ಇಂಥ ಕಾರ್ಯಕ್ಕೆ ಜ್ಞಾನಭಾರತಿಗಿಂತ ತಕ್ಕ ಸ್ಥಳ ಬೇರೆಲ್ಲಿದೆ? ಬೆಂಗಳೂರು ವಿಶ್ವವಿದ್ಯಾಲಯದ ಈ ಆವರಣದಲ್ಲಿ ಭೂವಿಜ್ಞಾನ, ಮನೋವಿಜ್ಞಾನ, ಸಮಾಜಶಾಸ್ತ್ರಗಳ ವಿಭಾಗಗಳಿವೆ. ನೆರೆಯ ನಾಗರಭಾವಿಯಲ್ಲಿ ಡಾ. ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಿದೆ. ರಾಷ್ಟ್ರೀಯ ಕಾನೂನು ಶಾಲೆಯೂ ಇದೆ. ಕರ್ಫ್ಯೂ ವಿಧಿಸುವಾಗ ಆಡಳಿತವು ಈ ವಿಭಾಗಗಳ ಗೋಡೆಗಳನ್ನು ನೋಡಲಿಲ್ಲ. ಮುಂದಿನ ಬರಗಾಲವೂ ನೋಡದು. ಮಳೆ ಕೈಕೊಟ್ಟ ಮೇಲೆ ಸಭೆ ಸೇರುವುದಕ್ಕಿಂತ, ಮಳೆಗಾಲಕ್ಕೆ ಮೊದಲೇ ಇವರೆಲ್ಲರೂ ಕೂಡಿ ನೀರಿನ ಮಟ್ಟವನ್ನೂ ಜನರ ಆತಂಕವನ್ನೂ ಒಟ್ಟಿಗೆ ಗಮನಿಸುವ ಏರ್ಪಾಡು ಆಗಬೇಕು.

ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ಅರಿಕೆಯೂ ಇಷ್ಟೆ: ನಿಮ್ಮ ವಿಷಯವನ್ನು ಚೆನ್ನಾಗಿ ಕಲಿಯಿರಿ, ಜೊತೆಗೆ ಪಕ್ಕದ ತರಗತಿಯಲ್ಲಿ ಏನನ್ನು ಕಲಿಸುತ್ತಿದ್ದಾರೆಂದು ಒಮ್ಮೆ ಇಣುಕಿ ನೋಡಿರಿ.