ಮುಚ್ಚಿಡುವುದೂ ಒಂದು ಕೆಲಸ

ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೊಸಿಸ್‌ನ ನಾರಾಯಣ ಮೂರ್ತಿ 2023ರಲ್ಲಿ ಹೇಳಿದರು. 2025ರಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರು ಅದನ್ನು 90ಕ್ಕೆ ಏರಿಸಿದರು. ಅಂದಿನಿಂದ ನಮ್ಮ ಹಾಸ್ಟೆಲಿನಲ್ಲೂ ಬರೀ ಗಂಟೆಗಳದೇ ಚರ್ಚೆ. ಆದರೆ ಉದ್ಯೋಗಿ ಬಸವಳಿಯುವುದು ಗಂಟೆಗಳಿಂದ ಮಾತ್ರವೇ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ನ ಮೂರು ಲಕ್ಷಣ ಹೇಳಿತು: ತ್ರಾಣವೆಲ್ಲ ಬತ್ತಿಹೋಗುವುದು, ಕೆಲಸದ ಮೇಲೆ ಜಿಗುಪ್ಸೆ, ಕುಗ್ಗಿದ ದಕ್ಷತೆ. ಇದನ್ನು ಅದು ಕಾಯಿಲೆ ಎನ್ನಲಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದಿತು. ಅಂದರೆ ಉದ್ಯೋಗಿಯನ್ನಷ್ಟೇ ಅಲ್ಲ, ಕಚೇರಿಯನ್ನೂ ನೋಡಬೇಕು.

ನನಗೆ ಡಿಸ್ಲೆಕ್ಸಿಯಾ ಇದೆ. ಗೆಳೆಯರು ಹತ್ತು ನಿಮಿಷದಲ್ಲಿ ಓದುವುದಕ್ಕೆ ನನಗೆ ಅರ್ಧ ಗಂಟೆ ಬೇಕು. ಪ್ರೋಗ್ರಾಮಿನ ತರ್ಕ ಹಿಡಿಯುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಮುಂದಿನ ಸೆಮಿಸ್ಟರ್‌ಗೆ ಕ್ಯಾಂಪಸ್ ಸಂದರ್ಶನ ಶುರು. ‘ಯಾರಿಗೂ ಹೇಳ್ಬೇಡ, ಮೊದಲು ಒಂದು ಕೆಲಸ ಸಿಗ್ಲಿ’ ಎನ್ನುತ್ತಾರೆ ಅಮ್ಮ. ಅವರ ಭಯ ಸುಳ್ಳಲ್ಲ. ಹೇಳಿಕೊಂಡರೆ ಪಟ್ಟಿಯಿಂದ ಹೆಸರು ಬಿಟ್ಟುಹೋಗಬಹುದು. ಹೇಳದಿದ್ದರೆ ಹಗಲಿನ ಇಮೇಲ್‌ಗಳನ್ನು ರಾತ್ರಿ ಕೂತು ಓದಬೇಕು, ಮೀಟಿಂಗಿನಲ್ಲಿ ‘ಇದನ್ನು ಓದಿ’ ಎಂದಾಗ ನೆಪ ಹುಡುಕಬೇಕು. ಆಟಿಸಂ ಇರುವವರು ಗದ್ದಲದ ನಡುವೆಯೂ ನಗುಮುಖ ನಟಿಸಬೇಕು. ಎಡಿಎಚ್‌ಡಿ ಇರುವವರು ಗಮನ ಚದುರಿದ್ದನ್ನು ತೋರಗೊಡಬಾರದು. ಇದು ಸಂಬಳವಿಲ್ಲದ ಎರಡನೇ ಕೆಲಸ. ಯಾವ ಹಾಜರಿ ಪುಸ್ತಕದಲ್ಲೂ ಅದರ ಗಂಟೆ ದಾಖಲಾಗುವುದಿಲ್ಲ.

ಕಾನೂನು ಸುಮ್ಮನೆ ಕೂತಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಇದೆ. ಎಡಿಎಚ್‌ಡಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ ಎನ್ನುವುದು ಕೊರತೆಯೇ. ಖಾಸಗಿ ಕಂಪನಿಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ಅದು ವೆಬ್‌ಸೈಟಿನಲ್ಲಿ, ಇಲ್ಲವೇ ಕಚೇರಿಯಲ್ಲಿ ಎದ್ದು ಕಾಣುವಂತೆ ಇರಬೇಕು ಎನ್ನುತ್ತವೆ ನಿಯಮಗಳು.

ಇದೆಲ್ಲ ರಿಯಾಯಿತಿ ಅಲ್ಲವೇ ಎಂದು ಕೇಳುವವರಿದ್ದಾರೆ. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 2013ರಲ್ಲಿ ಆಟಿಸಂ ಇರುವವರ ನೇಮಕಾತಿ ಯೋಜನೆ ಪ್ರಕಟಿಸುವ ವೇಳೆಗೆ, ಅದರ ಬೆಂಗಳೂರು ಕಚೇರಿಯಲ್ಲಿ ಅಂಥವರು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದರು. ಅವರನ್ನು ಕರೆದದ್ದು ಕನಿಕರಕ್ಕಲ್ಲ, ಕೆಲಸಕ್ಕೆ. ಬೇಕಾದ ಅನುಕೂಲಗಳೂ ದುಬಾರಿಯಲ್ಲ. ಮೀಟಿಂಗಿನ ಕಾಗದಪತ್ರ ಹಿಂದಿನ ದಿನವೇ ಕೈಗೆ ಸಿಗಲಿ. ಬರಹವನ್ನು ಓದಿ ಹೇಳುವ ತಂತ್ರಾಂಶ ಬಳಸಲು ಬಿಡಲಿ. ಗದ್ದಲವಿಲ್ಲದ ಒಂದು ಮೂಲೆ ಇರಲಿ. ಬಾಯಿಮಾತಿನ ಸೂಚನೆ ಮರೆಯುವವರಿಗೆ ಅದನ್ನು ಬರೆದು ಕೊಡಲಿ. ಇವುಗಳಿಂದ ಯಾವ ಉದ್ಯೋಗಿಗೂ ನಷ್ಟವಿಲ್ಲ.

ಕಂಪನಿಯವರು ಕಾಲೇಜಿಗೆ ಬಂದಾಗ ಪ್ಯಾಕೇಜ್ ಎಷ್ಟು, ಬಾಂಡ್ ಇದೆಯೇ ಎಂದು ನಾವೆಲ್ಲ ಕೇಳುತ್ತೇವೆ. ಗೆಳೆಯರೇ, ಈ ಸಲ ಇನ್ನೊಂದು ಪ್ರಶ್ನೆ ಸೇರಿಸಿ: ‘ನಿಮ್ಮ ಸಮಾನ ಅವಕಾಶ ನೀತಿ ಎಲ್ಲಿದೆ?’ ನನ್ನಂಥವರೊಬ್ಬರೇ ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಈ ಬರಹದ ಜೊತೆ ನನ್ನ ಹೆಸರು ಹಾಕಬೇಡಿ ಎಂದು ಸಂಪಾದಕರನ್ನು ಕೋರಿದ್ದೂ ಅದಕ್ಕೇ. ಇಡೀ ತರಗತಿ ಕೇಳಿದರೆ ಅದು ಪ್ಯಾಕೇಜಿನಷ್ಟೇ ಮಾಮೂಲಿ ಪ್ರಶ್ನೆಯಾಗುತ್ತದೆ.