ಜನವರಿಯ ತಡ, ಏಪ್ರಿಲ್‌ನ ಹೊಡೆತ

ದಾವಣಗೆರೆ, ಹರಿಹರದ ಬಯಲಿನಲ್ಲಿ ವಸಂತ ಎಂದರೆ ಬಿಸಿಲು ಮತ್ತು ಗುಡುಗು. ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಇಲ್ಲಿನ ಹೊಲಗದ್ದೆಗಳು ಮೂರು ಸಂಗತಿಗಳನ್ನು ಎದುರಿಸುತ್ತವೆ. ಹಗಲಿನ ಉಷ್ಣಾಂಶ 35 ಡಿಗ್ರಿ ದಾಟುತ್ತದೆ. ಒಣಗಾಳಿ ನೆಲದ ಹಸಿಯನ್ನು ಹೀರುತ್ತದೆ. ಮಧ್ಯಾಹ್ನದ ಮೇಲೆ ಏಳುವ ಮೋಡ ಗಾಳಿ, ಮಳೆ, ಒಮ್ಮೊಮ್ಮೆ ಆಲಿಕಲ್ಲನ್ನೂ ಸುರಿಸಿ ಹೋಗುತ್ತದೆ. ಇದರಲ್ಲಿ ಯಾವುದೂ ಹೊಸದಲ್ಲ. ಏಪ್ರಿಲ್ ಮೊದಲಾರ್ಧದಲ್ಲಿ ರೇವತಿ, ದ್ವಿತೀಯಾರ್ಧದಲ್ಲಿ ಅಶ್ವಿನಿ, ಮೇ ಮೊದಲ ವಾರಗಳಲ್ಲಿ ಭರಣಿ, ಅದರ ಬೆನ್ನಿಗೆ ಕೃತ್ತಿಕಾ ಎಂದು ಈ ಮಳೆಗಳಿಗೆ ಹೆಸರಿಟ್ಟು ಪಂಚಾಂಗದಲ್ಲಿ ಅಚ್ಚು ಹಾಕಿಸುತ್ತ ಬಂದು ತಲೆಮಾರುಗಳೇ ಕಳೆದಿವೆ. ಆದರೂ ಭತ್ತ ನೆಲಕಚ್ಚಿದ ಮರುದಿನ ‘ಅಕಾಲಿಕ ಮಳೆ’ ಎಂಬ ತಲೆಬರಹ ಪ್ರತಿ ವರ್ಷ ಬರುತ್ತದೆ.

ಹರಿಹರದ ಸುತ್ತ ಏಪ್ರಿಲ್ ತಿಂಗಳಲ್ಲಿ ಭತ್ತ ನಿಂತಿರುವುದು ಭದ್ರಾ ನಾಲೆ ಬಂದ ಮೇಲಿನ ಮಾತು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಕಟ್ಟಿದ ಅಣೆಕಟ್ಟೆಗೆ 186 ಅಡಿ ಪೂರ್ಣ ಮಟ್ಟ, 71.5 ಟಿಎಂಸಿ ಸಾಮರ್ಥ್ಯ. ಅಚ್ಚುಕಟ್ಟು ಸುಮಾರು 1 ಲಕ್ಷ ಹೆಕ್ಟೇರ್. ಅದರಲ್ಲಿ ದೊಡ್ಡ ಪಾಲು ದಾವಣಗೆರೆ ಜಿಲ್ಲೆಯದು. ಅಚ್ಚುಕಟ್ಟಿನ ಬಹಳಷ್ಟು ಜಮೀನನ್ನು ಯೋಜನೆಯಲ್ಲಿ ಕಡಿಮೆ ನೀರಿನ ಅರೆ ಖುಷ್ಕಿ ಬೆಳೆಗೆಂದು ಗುರುತಿಸಲಾಗಿತ್ತು. ನೀರು ಹರಿಯತೊಡಗಿದ ಮೇಲೆ ಕಾಗದದ ಗುರುತು ಕಾಗದದಲ್ಲೇ ಉಳಿಯಿತು, ಗದ್ದೆಗೆ ಎರಡು ಬೆಳೆ ಭತ್ತ ಬಂತು. ಮಳೆಗಾಲದ ಭತ್ತಕ್ಕೆ ಮೋಡದ ಆಸರೆ ಇದೆ. ಬೇಸಿಗೆ ಭತ್ತಕ್ಕೆ ನಾಲೆ ಬಿಟ್ಟರೆ ಗತಿಯಿಲ್ಲ, ನಾಲೆಗೆ ಸಭೆ ಬಿಟ್ಟರೆ ಗತಿಯಿಲ್ಲ.

ಆ ಸಭೆ ನಡೆಯುವುದು ಶಿವಮೊಗ್ಗದ ಮಲವಗೊಪ್ಪದಲ್ಲಿ, ಭದ್ರಾ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಕಚೇರಿಯಲ್ಲಿ. ಬೇಸಿಗೆ ಬೆಳೆಗೆ ನೀರು ಎಂದಿನಿಂದ, ಎಷ್ಟು ದಿನ, ನಿರಂತರವೋ, ಕೆಲ ದಿನ ಹರಿಸಿ ಕೆಲ ದಿನ ನಿಲ್ಲಿಸುವ ಆನ್-ಆಫ್ ಪದ್ಧತಿಯೋ ಎಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಮೇಲ್ಭಾಗದವರು ಒಂದು ತಾರೀಕು ಕೇಳಿದರೆ ಕೊನೆಭಾಗದವರು ಇನ್ನೊಂದು ಕೇಳುತ್ತಾರೆ. ಭತ್ತದವರಿಗೆ ಒಂದು ಸರದಿ ಬೇಕು, ತೋಟದವರಿಗೆ ಇನ್ನೊಂದು. ಬಲದಂಡೆಯ ಮುಖ್ಯ ನಾಲೆಯೊಂದೇ 103 ಕಿಲೋಮೀಟರ್. ಗೇಟು ಎತ್ತಿದ ದಿನವೇ ನೀರು ಮಲೇಬೆನ್ನೂರು, ದೇವರಬೆಳಕೆರೆ ಸುತ್ತಲಿನ ಗದ್ದೆ ಮುಟ್ಟುವುದಿಲ್ಲ. ದಾರಿಯುದ್ದಕ್ಕೂ ಅಕ್ರಮ ಪಂಪ್‌ಸೆಟ್‌ಗಳು, ಹೂಳು ತುಂಬಿದ ತೂಬುಗಳು. ಮೇಲ್ಭಾಗದವರು ನಾಟಿ ಮುಗಿಸಿ ಮೊದಲ ಗೊಬ್ಬರ ಹಾಕುವ ಹೊತ್ತಿಗೆ ಕೊನೆಭಾಗದವರು ಒಣ ಕಾಲುವೆಯ ಏರಿ ಮೇಲೆ ನಿಂತು ಇಂಜಿನಿಯರಿಗೆ ಫೋನು ಹಚ್ಚುತ್ತಿರುತ್ತಾರೆ.

ಈ ತಡ ಬೆಳೆಯ ಮೇಲೆ ಏನು ಮಾಡುತ್ತದೆ ಎಂಬುದಕ್ಕೆ ಬೆರಳೆಣಿಕೆಯ ಲೆಕ್ಕ ಸಾಕು. ಇಲ್ಲಿ ಬೆಳೆಯುವ ಆರ್‌ಎನ್‌ಆರ್ ತಳಿ ಸುಮಾರು 125 ದಿನದ್ದು. ಇಪ್ಪತ್ತೈದು ದಿನದ ಸಸಿಯನ್ನು ಜನವರಿ 15ಕ್ಕೆ ನಾಟಿ ಮಾಡಿದರೆ ಮಾರ್ಚ್ ಕೊನೆಯ ವಾರ ಹೂ, ಏಪ್ರಿಲ್ 25ರ ಆಸುಪಾಸು ಕೊಯ್ಲು. ಅಷ್ಟೇ ದಿನದ ಸಸಿ ಫೆಬ್ರುವರಿ 10ಕ್ಕೆ ಗದ್ದೆಗಿಳಿದರೆ ಏಪ್ರಿಲ್ 20ರ ಸುಮಾರಿಗೆ ಹೂ, ಮೇ 20ಕ್ಕೆ ಕೊಯ್ಲು. ಸಸಿಮಡಿಯಲ್ಲೇ ಬಲಿತು ಮುಪ್ಪಾದ ಸಸಿಗೆ ತೆಂಡೆ ಒಡೆಯುವ ಶಕ್ತಿ ಕಡಿಮೆ, ಅದು ಬೇರೆ ನಷ್ಟ. ಜನವರಿಯ ಥಂಡಿ ರಾತ್ರಿಯಲ್ಲಿ ಸಸಿ ಹಳದಿಗಟ್ಟಿ ನಿಂತುಬಿಟ್ಟರೆ ಇನ್ನೊಂದು ವಾರ ಹೋಗುತ್ತದೆ. ಜನವರಿಯಲ್ಲಿ ಕೈಬಿಟ್ಟ ಮೂರೂವರೆ ವಾರವನ್ನು ಭತ್ತ ಮುಂದೆ ಎಲ್ಲಿಯೂ ಹಿಡಿದುಕೊಳ್ಳುವುದಿಲ್ಲ. ಹೂವಿನ ದಿನ ಸೀದಾ ಬಿಸಿಲಿನ ನಡುಮಧ್ಯಕ್ಕೆ, ಕೊಯ್ಲಿನ ದಿನ ಕೃತ್ತಿಕಾ ಮಳೆಯ ಬಾಯಿಗೆ ಹೋಗಿ ಬೀಳುತ್ತವೆ.

ಮೊದಲ ಪೆಟ್ಟು ಬಿಸಿಲಿನದು, ಅದು ಕಣ್ಣಿಗೆ ಕಾಣುವುದಿಲ್ಲ. ಭತ್ತದ ಹೂ ಬೆಳಗಿನ ಒಂಬತ್ತರಿಂದ ಮಧ್ಯಾಹ್ನದ ಒಳಗೆ ಅರಳಿ, ಸುಮಾರು ಒಂದು ಗಂಟೆಯಲ್ಲಿ ಮುಚ್ಚಿಕೊಳ್ಳುತ್ತದೆ. ಪರಾಗಕ್ಕೆ ಜೀವ ಇರುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಉಷ್ಣಾಂಶ 35 ಡಿಗ್ರಿ ಮೀರಿದರೆ ಪರಾಗಕೋಶ ಸರಿಯಾಗಿ ಒಡೆಯುವುದಿಲ್ಲ, ಕಾಳು ಕಟ್ಟುವುದಿಲ್ಲ. ಗದ್ದೆಯಲ್ಲಿ ನೀರು ನಿಂತಿದ್ದರೆ ಪೈರಿನ ನಡುವಿನ ಗಾಳಿ ಸ್ವಲ್ಪ ತಂಪಾಗಿರುತ್ತದೆ. ಹಾಗಾಗಿ ಹೂ ಬರುವ ವಾರವೇ ನಾಲೆಯ ಆಫ್ ಸರದಿ ಬಿದ್ದರೆ ಬಿಸಿಲಿನ ಜತೆ ಸಭೆಯೂ ಕೈಜೋಡಿಸಿದಂತೆ. ತೆನೆ ಹೊರಬಂದು ನೆಟ್ಟಗೆ ನಿಂತೇ ಇರುವುದನ್ನು ನೋಡಿ ಕಾಂಡಕೊರಕ ಎಂದುಕೊಂಡು ಔಷಧಿ ಅಂಗಡಿಗೆ ಓಡುವವರಿದ್ದಾರೆ. ಕಾಂಡಕೊರಕ ಬಿದ್ದ ತೆನೆಯ ಬುಡ ಕತ್ತರಿಸಿಹೋಗಿರುತ್ತದೆ, ಎಳೆದರೆ ಕೈಗೆ ಬರುತ್ತದೆ. ಬಿಸಿಲಿಗೆ ಜೊಳ್ಳಾದ ತೆನೆ ಗಟ್ಟಿಯಾಗಿಯೇ ಇರುತ್ತದೆ. ಎಳೆದು ನೋಡುವುದಕ್ಕೆ ದುಡ್ಡು ಬೇಡ. ಅಂಗಡಿಯವರು ಮಾತ್ರ ಹಾಗೆ ಎಳೆದು ನೋಡಿ ಎಂದು ಹೇಳುವುದಿಲ್ಲ.

ಎರಡನೆಯ ಪೆಟ್ಟು ಗುಡುಗುಮಳೆಯದು. ಈ ದಿನಗಳಲ್ಲಿ ಕರ್ನಾಟಕದ ಒಳನಾಡಿನ ಮೇಲೆ ಉತ್ತರ–ದಕ್ಷಿಣವಾಗಿ ಗಾಳಿಯ ಒಂದು ದುರ್ಬಲ ಪಟ್ಟೆ ಏರ್ಪಡುತ್ತದೆ. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಗಳ ತೇವ ಅಲ್ಲಿಗೆ ಬಂದು ಸೇರುತ್ತದೆ. ಕಾದ ನೆಲ ಅದನ್ನು ಮೇಲೆತ್ತಿದರೆ ಮೂರು ಗಂಟೆಯ ಹೊತ್ತಿಗೆ ಮೋಡ ಹತ್ತು ಕಿಲೋಮೀಟರ್‌ಗೂ ಎತ್ತರಕ್ಕೆ ಬೆಳೆದಿರುತ್ತದೆ. ಅದರೊಳಗಿನ ತಣ್ಣನೆಯ ಗಾಳಿ ಮಳೆಯ ಜತೆ ನೆಲಕ್ಕೆ ಅಪ್ಪಳಿಸಿದಾಗ ಕಾಳು ತುಂಬಿ ತಲೆಭಾರವಾದ ಭತ್ತ ಚಾಪೆ ಹಾಸಿದಂತೆ ಮಲಗುತ್ತದೆ. ಯೂರಿಯಾ ಜಾಸ್ತಿ ಉಂಡ ಪೈರು ಮೊದಲು ಮಲಗುತ್ತದೆ. ಮಲಗಿದ ತೆನೆ ಎರಡು ಮೂರು ದಿನ ನೀರಲ್ಲಿ ಬಿದ್ದರೆ ಗದ್ದೆಯಲ್ಲೇ ಮೊಳಕೆ. ಮೇಲೆ ಉಳಿದದ್ದನ್ನು ಕೊಯ್ಯಲು ಟೈರಿನ ಯಂತ್ರ ಕೆಸರಿಗೆ ಇಳಿಯುವುದಿಲ್ಲ, ಚೈನಿನ ಯಂತ್ರವೇ ಬೇಕು. ಅದಕ್ಕೆ ಬಾಡಿಗೆ ಹೆಚ್ಚು, ಮಲಗಿದ ಪೈರಿಗೆ ಹಿಡಿಯುವ ಗಂಟೆಗಳೂ ಹೆಚ್ಚು.

ಕೊಯ್ದ ಕಾಳು ಗದ್ದೆಯಿಂದ ರಸ್ತೆಗೆ ಬರುತ್ತದೆ. ಹರಿಹರ, ಮಲೇಬೆನ್ನೂರು ಕಡೆಯ ಡಾಂಬರು ರಸ್ತೆಗಳ ಅರ್ಧಭಾಗ ಕೊಯ್ಲಿನ ತಿಂಗಳಲ್ಲಿ ಕಣವಾಗಿರುತ್ತದೆ. ಸರ್ಕಾರಿ ಖರೀದಿಯ ಮಾನದಂಡದಲ್ಲಿ ಭತ್ತದ ತೇವಾಂಶ ಶೇ 17 ಮೀರುವಂತಿಲ್ಲ. ಖಾಸಗಿ ವ್ಯಾಪಾರಿ ಕೈಯಲ್ಲಿ ಕಾಳು ಹಿಸುಕಿ ನೋಡಿಯೇ ದರ ಇಳಿಸುತ್ತಾನೆ. ತೋಯ್ದು ಒಣಗಿದ ಕಾಳು ಒಳಗೇ ಸೀಳಿರುತ್ತದೆ, ಗಿರಣಿಯಲ್ಲಿ ನುಚ್ಚಾಗುತ್ತದೆ. ದಾವಣಗೆರೆಯಂಥ ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ: ಸೀಳಿದ ಅಕ್ಕಿ ಮರಳಿನಲ್ಲಿ ಅರಳುವುದಿಲ್ಲ. ತೋಯ್ದ ಹುಲ್ಲು ಕಪ್ಪಾಗಿ ದನಗಳೂ ಮೂಸದ ಸ್ಥಿತಿಗೆ ಬರುತ್ತದೆ.

ಇಷ್ಟಾದ ಮೇಲೆ ವಿಮೆ. 2016ರಲ್ಲಿ ಶುರುವಾದ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಂಥ ಪಟ್ಟಿಮಾಡಿದ ಕಾರಣಗಳಿಗೆ ಮಾತ್ರ ಒಬ್ಬೊಬ್ಬ ರೈತನ ಹೊಲವನ್ನು ಬೇರೆಯಾಗಿ ನೋಡುತ್ತಾರೆ. ಅದೂ 72 ಗಂಟೆಯೊಳಗೆ ದೂರು ಕೊಟ್ಟರೆ. ಬರೀ ಗಾಳಿಗೆ ಮಲಗಿದ ಭತ್ತ ಆ ಪಟ್ಟಿಯಲ್ಲಿಲ್ಲ. ಅದು ಇಡೀ ಘಟಕದ ಸರಾಸರಿ ಇಳುವರಿಯಲ್ಲಿ ಕರಗಿಹೋಗುತ್ತದೆ. ಕೊಯ್ಲಿನ ನಂತರ 14 ದಿನದವರೆಗೆ ಮಳೆಗೆ ತೋಯ್ದರೆ ಪರಿಹಾರ ಉಂಟು, ಆದರೆ ಅದು ಕೊಯ್ದು ಗದ್ದೆಯಲ್ಲೇ ಒಣಗಲು ಹರಡಿದ ಬೆಳೆಗೆ. ಯಂತ್ರ ಬಂದ ಮೇಲೆ ಭತ್ತ ಗದ್ದೆಯಲ್ಲಿ ಹರಡಿಕೊಂಡಿರುವುದೇ ಇಲ್ಲ. ಕುಡುಗೋಲಿನ ಕಾಲಕ್ಕೆ ಬರೆದ ನಿಯಮ, ಯಂತ್ರದ ಕಾಲದ ಕಂತು.

ತೋಟದ ಕತೆ ಇನ್ನೊಂದು ಬಗೆ. ಚನ್ನಗಿರಿಯಿಂದ ಶುರುವಾದ ಅಡಿಕೆ ಹೊನ್ನಾಳಿ, ಹರಿಹರ, ದಾವಣಗೆರೆಯ ಗದ್ದೆಗಳವರೆಗೂ ಹಬ್ಬಿದೆ. ಭತ್ತಕ್ಕೆ ನೀರು ತಪ್ಪಿದರೆ ಒಂದು ಬೆಳೆ ಹೋಗುತ್ತದೆ, ಅಡಿಕೆಗೆ ತಪ್ಪಿದರೆ ಹಲವು ವರ್ಷದ ದುಡಿಮೆಯೇ ಹೋಗುತ್ತದೆ. ಹಿಂಗಾರ ಒಡೆದು ಕಾಯಿ ಕಚ್ಚುವ ಕಾಲ ಬೇಸಿಗೆಯೇ. ನೆಲದ ಹಸಿ ಆರಿದರೆ ಹಿಂಗಾರ ತುದಿಯಿಂದ ಒಣಗುತ್ತ ಬರುತ್ತದೆ, ಹರಳು ಉದುರುತ್ತದೆ. ತೆಂಕಣ, ಪಡುವಣ ಬಿಸಿಲು ನೇರ ಬಡಿಯುವ ಎಳೆ ಮರದ ಕಾಂಡ ಸುಟ್ಟು ಸೀಳುತ್ತದೆ, ಸುಣ್ಣ ಬಳಿಯುವುದು ಅದಕ್ಕಾಗಿ. ಹನಿ ನೀರಾವರಿಯಲ್ಲೇ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ವರ್ಷಕ್ಕೆ ಸುಮಾರು 650 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಮಲೆನಾಡಿನ ಮರವನ್ನು ತಂದು ನೆಟ್ಟುಕೊಂಡಿದೆ. 2023ರ ಬರದ ಬೆನ್ನಿಗೆ ಬಂದ 2024ರ ಬೇಸಿಗೆಯಲ್ಲಿ ಚನ್ನಗಿರಿ ಕಡೆ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ನಲ್ಲಿ ನೀರು ತರಿಸಿ ತೋಟ ಉಳಿಸಿಕೊಂಡದ್ದು ಎಲ್ಲರೂ ನೋಡಿದ ಸಂಗತಿ. ಮರುವರ್ಷವೇ ಹೊಸ ಅಡಿಕೆ ಸಸಿಯ ಗುಂಡಿ ತೋಡುವುದೇನೂ ನಿಲ್ಲಲಿಲ್ಲ. ಅಡಿಕೆ ದರದ ಮುಂದೆ ಹವಾಮಾನದ ಪಾಠ ನಿಲ್ಲುವುದಿಲ್ಲ.

ಗದ್ದೆಯವರು ಶಪಿಸುವ ಮಳೆಗೇ ಜಗಳೂರಿನ ಖುಷ್ಕಿಯವರು ಕೈಮುಗಿಯುತ್ತಾರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಹುಟ್ಟಿದ್ದು ನಾಲೆಯ ದಡದಲ್ಲಲ್ಲ, ಒಣ ಹೊಲದಲ್ಲಿ. ಬೇಸಿಗೆಯಲ್ಲಿ ಎರೆ ನೆಲ ಬಿರುಕು ಬಿಟ್ಟು ಆಳದ ಹಸಿಯನ್ನೂ ಕಳೆದುಕೊಳ್ಳುತ್ತದೆ. ಕುಂಟೆ ಹೊಡೆದು ಮೇಲ್ಮಣ್ಣು ಪುಡಿ ಮಾಡಿದರೆ ಬಿರುಕು ಮುಚ್ಚಿ ಹಸಿ ಉಳಿಯುತ್ತದೆ. ಕೆಂಪು ನೆಲ ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ, ಒಂದು ಹದಮಳೆ ಬೀಳದೆ ನೇಗಿಲು ಇಳಿಯುವುದಿಲ್ಲ. ಆ ಮಳೆಯಲ್ಲಿ ಉತ್ತು ಬಿಟ್ಟರೆ ಮುಂದಿನ ನೀರು ಹೊಲದಲ್ಲೇ ಇಂಗುತ್ತದೆ, ಕಳೆಯ ಬೇರು ಬಿಸಿಲಿಗೆ ಬೀಳುತ್ತದೆ. ಮೆಕ್ಕೆಜೋಳದ ಜಿಲ್ಲೆಗೆ ಇದರಲ್ಲಿ ಇನ್ನೊಂದು ಲಾಭವಿದೆ. 2018ರಲ್ಲಿ ಪಕ್ಕದ ಶಿವಮೊಗ್ಗದಲ್ಲೇ ದೇಶದಲ್ಲಿ ಮೊದಲ ಬಾರಿಗೆ ಗುರುತಾದ ಫಾಲ್ ಸೈನಿಕ ಹುಳು ಕೋಶವಾಗುವುದು ಮಣ್ಣಿನ ಮೇಲ್ಪದರದಲ್ಲಿ. ಬೇಸಿಗೆ ಉಳುಮೆ ಆ ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುತ್ತದೆ. ಅಪಾಯ ಇರುವುದು ಅವಸರದಲ್ಲಿ. ಮೇ ತಿಂಗಳ ಎರಡು ಮಳೆಯನ್ನೇ ಮುಂಗಾರು ಎಂದು ನಂಬಿ ಬಿತ್ತಿದರೆ ಜೂನ್‌ನ ಒಣ ವಾರಗಳಲ್ಲಿ ಮೊಳಕೆ ಬಾಡಿ ಎರಡನೇ ಸಲ ಬೀಜ ಕೊಳ್ಳಬೇಕಾಗುತ್ತದೆ.

ನೀರು ಹೆಚ್ಚಾದ ನೆಲಕ್ಕೂ ಬೇಸಿಗೆ ಲೆಕ್ಕ ಒಪ್ಪಿಸುತ್ತದೆ. ಅಚ್ಚುಕಟ್ಟಿನ ತಗ್ಗು ಗದ್ದೆಗಳಲ್ಲಿ ಬಸಿಗಾಲುವೆ ಮುಚ್ಚಿದ್ದರೆ ನೀರು ಮೇಲೇರಿ ಬಿಸಿಲಿಗೆ ಆವಿಯಾಗುತ್ತದೆ, ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ಸವಳಿನ ಬಿಳಿ ಪದರ ಸ್ಪಷ್ಟವಾಗಿ ಕಾಣುವುದು ಈ ಎರಡು ತಿಂಗಳಲ್ಲೇ. ಬಸಿಗಾಲುವೆ ಒತ್ತುವರಿ ಮಾಡಿದವರ ಹೆಸರೂ ಊರಿನಲ್ಲಿ ಅಷ್ಟೇ ಸ್ಪಷ್ಟವಾಗಿ ಗೊತ್ತಿರುತ್ತದೆ.

ಇನ್ನು ಮುನ್ಸೂಚನೆ. ಯುಗಾದಿಯ ದಿನ ಪಂಚಾಂಗ ಶ್ರವಣದಲ್ಲಿ ವರ್ಷದ ಮಳೆಯನ್ನು ಕೊಳಗದಲ್ಲಿ ಅಳೆದು ಹೇಳುತ್ತಾರೆ, ಸಭಿಕರು ತಲೆದೂಗುತ್ತಾರೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳಿವೆ. ಅವು ಬಿದ್ದ ಮಳೆಯನ್ನು ಅಳೆಯುತ್ತವೆ. ಬೀಳಲಿರುವ ಮಳೆಯನ್ನು ಬೆಳೆಯ ಭಾಷೆಗೆ ಇಳಿಸಿ, ಈ ವಾರ ಯೂರಿಯಾ ಹಾಕಬೇಡಿ, ನಾಳಿದ್ದು ಕೊಯ್ಯಬೇಡಿ ಎಂದು ಹೇಳಲು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ತೆರೆಯಲಾಗಿತ್ತು. ದೇಶದ ಅಂಥ 199 ಘಟಕಗಳಿಗೆ 2024ರಲ್ಲಿ ಬೀಗ ಬಿತ್ತು. ಪಂಚಾಂಗ ಶ್ರವಣಕ್ಕೆ ಮಾತ್ರ ಯಾವ ವರ್ಷವೂ ಅನುದಾನದ ಕೊರತೆ ಬಂದಿಲ್ಲ.

ದಾರಿ ತಿಳಿಯದ್ದೇನಲ್ಲ. ನೀರು ಬಿಡುವ ತಾರೀಕನ್ನು ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿ ಡಿಸೆಂಬರ್‌ನಲ್ಲೇ ಸಾರಬೇಕು. ಮೊದಲ ಸರದಿ ಕೊನೆಭಾಗಕ್ಕೆ ಹೋಗಬೇಕು. ನೀರು ತಡವಾದ ವರ್ಷ 115–120 ದಿನದ ಐಆರ್-64ರಂಥ ತಳಿ ಸಾಕು. ತೀರಾ ತಡವಾದರೆ ಭತ್ತವನ್ನೇ ಬಿಟ್ಟು, ಯೋಜನೆಯಲ್ಲಿ ಮೊದಲಿಂದಲೂ ಬರೆದಿರುವ ಅರೆ ಖುಷ್ಕಿ ಬೆಳೆಗೆ ಹೋಗಬೇಕು. ಮಳೆ ಕಾಯುತ್ತದೆ ಎಂದು ನಂಬಿ ಕೂರುವ ಕಾಲ ಮುಗಿದಿದೆ. ವಾಡಿಕೆಯಂತೆ ಜೂನ್ 1ಕ್ಕೆ ಕೇರಳ ಮುಟ್ಟಬೇಕಾದ ಮುಂಗಾರು 2025ರಲ್ಲಿ ಮೇ 24ಕ್ಕೇ ಬಂದಿಳಿಯಿತು. ಮೇ 20ರ ಕೊಯ್ಲಿಗೂ ಅದಕ್ಕೂ ನಡುವೆ ಉಳಿದದ್ದು ನಾಲ್ಕೇ ದಿನ. ಬೆಳೆ ನಷ್ಟದ ಸಮೀಕ್ಷೆಗೆಂದು ಮೇ ತಿಂಗಳಲ್ಲಿ ಜೀಪು ಹತ್ತಿ ಗದ್ದೆಗೆ ಬರುವ ಅಧಿಕಾರಿಗಳು ಜನವರಿ ಸಭೆಯ ನಡಾವಳಿ ಪುಸ್ತಕದಿಂದಲೇ ಸಮೀಕ್ಷೆ ಶುರು ಮಾಡಿದರೆ ಡೀಸೆಲ್ ಆದರೂ ಉಳಿದೀತು.