ಉಲ್ಲೇಖಗಳ ಲೆಕ್ಕಕ್ಕೆ ಸಿಗದ ನಾಲ್ಕು ಪುಟಗಳು

ಬೆಂಗಳೂರು: ಸಂಶೋಧಕರೊಬ್ಬರ ಸಾಧನೆಯನ್ನು ಅಳೆಯುವುದು ಹೇಗೆ? ಪ್ರಕಟಿಸಿದ ಪ್ರಬಂಧಗಳೆಷ್ಟು, ಅವುಗಳನ್ನು ಇತರರು ಉಲ್ಲೇಖಿಸಿದ್ದು ಎಷ್ಟು ಬಾರಿ ಎಂಬ ಎರಡು ಅಂಕಿಗಳಿಗೆ ಇಂದು ನೇಮಕಾತಿ, ಬಡ್ತಿ, ಅನುದಾನ, ಕಾಲೇಜುಗಳ ರ‍್ಯಾಂಕಿಂಗ್ ಎಲ್ಲದರಲ್ಲಿಯೂ ಭಾರಿ ತೂಕವಿದೆ. ಈ ಅಳತೆಗೋಲನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು ಎಂಬುದನ್ನು ಪರೀಕ್ಷಿಸಲು ಬೆಂಗಳೂರಿನಲ್ಲಿಯೇ ಹುಟ್ಟಿದ ಎಂಜಿನಿಯರೊಬ್ಬರ ನಿದರ್ಶನ ಸಾಕು.

1940ರಲ್ಲಿ ಜನಿಸಿದ ನಾಸಿರ್ ಅಹ್ಮದ್, 1961ರಲ್ಲಿ ಕೆ.ಆರ್. ವೃತ್ತದ ಯುವಿಸಿಇ ಕಾಲೇಜಿನಿಂದ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ, 1968ರಿಂದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಸಿಗ್ನಲ್ ಪ್ರೊಸೆಸಿಂಗ್, ಅರ್ಥಾತ್ ಸಂಕೇತ ಸಂಸ್ಕರಣೆ ಅವರ ಕ್ಷೇತ್ರ. ಚಿತ್ರಗಳ ದತ್ತಾಂಶವನ್ನು ಕುಗ್ಗಿಸುವ ಹೊಸ ಗಣಿತ ವಿಧಾನವೊಂದರ ಅಧ್ಯಯನಕ್ಕಾಗಿ 1972ರಲ್ಲಿ ಅವರು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಪ್ರಸ್ತಾವ ಸಲ್ಲಿಸಿದರು. ಅನುದಾನ ದೊರೆಯಲಿಲ್ಲ. ವಿಷಯ ತೀರಾ ಸರಳವಾಗಿದೆ ಎಂಬ ಅಭಿಪ್ರಾಯ ಪರಿಶೀಲಕರೊಬ್ಬರಿಂದ ಬಂದಿತ್ತೆಂದು ಅಹ್ಮದ್ 1991ರ ಲೇಖನವೊಂದರಲ್ಲಿ ಸ್ಮರಿಸಿದ್ದಾರೆ.

ಆದರೂ ಅವರು ಕೆಲಸ ನಿಲ್ಲಿಸಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಹಾಗೂ ಗೆಳೆಯ ಕೆ.ಆರ್. ರಾವ್ ಅವರೊಡಗೂಡಿ 1974ರ ಜನವರಿಯಲ್ಲಿ ಐಇಇಇ ನಿಯತಕಾಲಿಕೆಯೊಂದರಲ್ಲಿ ನಾಲ್ಕು ಪುಟಗಳ ಪ್ರಬಂಧ ಪ್ರಕಟಿಸಿದರು. ಅದರ ಹೆಸರು 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್', ಸಂಕ್ಷಿಪ್ತವಾಗಿ ಡಿಸಿಟಿ.

ಮೊಬೈಲ್‌ನಲ್ಲಿರುವ ಗಣಿತ

ಈ ವಿಧಾನದ ತಿರುಳು ಇಷ್ಟೆ: ಚಿತ್ರವನ್ನು ಎಂಟು ಸಾಲು, ಎಂಟು ಕಂಬಗಳ ಪುಟ್ಟ ಚೌಕಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ಚೌಕದ 64 ಬಿಂದುಗಳ ಮೌಲ್ಯಗಳನ್ನು ಡಿಸಿಟಿ ಬೇರೆ 64 ಸಂಖ್ಯೆಗಳಾಗಿ ಪರಿವರ್ತಿಸುತ್ತದೆ. ಚಿತ್ರದ ಮುಖ್ಯ ಮಾಹಿತಿಯೆಲ್ಲ ಅವುಗಳಲ್ಲಿ ಕೆಲವೇ ಸಂಖ್ಯೆಗಳಲ್ಲಿ ಶೇಖರಗೊಳ್ಳುತ್ತದೆ. ಉಳಿದವುಗಳನ್ನು ಒರಟಾಗಿಸಿದರೂ, ಕೈಬಿಟ್ಟರೂ ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯದು. 1992ರ ಜೆಪೆಗ್ ಮಾನಕ ನಿಂತಿರುವುದು ಇದರ ಮೇಲೆಯೇ. ಎಂಪೆಗ್ ವಿಡಿಯೊ ಮಾನಕಗಳೂ ಇದನ್ನು ಆಶ್ರಯಿಸಿದವು. ಇದರ ಮಾರ್ಪಾಡಾದ ರೂಪ ಎಂಪಿ3 ಸಂಗೀತದಲ್ಲಿಯೂ ಇದೆ.

ಈ ಪ್ರಬಂಧಕ್ಕೆ ಸಹಸ್ರಾರು ಉಲ್ಲೇಖಗಳು ಸಂದಿವೆ ಎಂಬುದು ನಿಜ. ಆದರೆ ದಿನನಿತ್ಯ ಜೆಪೆಗ್ ಚಿತ್ರ ರವಾನಿಸುವ ಕೋಟ್ಯಂತರ ಜನರಲ್ಲಿ ಯಾರೂ ಅದನ್ನು ಉಲ್ಲೇಖಿಸುವುದಿಲ್ಲ. ಪಠ್ಯಪುಸ್ತಕಕ್ಕೆ ಸೇರಿದ ಮೇಲೆ ಸಂಶೋಧಕರು ಸಹ ಮೂಲ ಪ್ರಬಂಧವನ್ನು ಹೆಸರಿಸುವುದು ವಿರಳ.

ಸೂಚ್ಯಂಕದ ಮಿತಿ

ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಸೂಚ್ಯಂಕವನ್ನೇ ನೋಡೋಣ. ತಲಾ ಕನಿಷ್ಠ ಹತ್ತು ಉಲ್ಲೇಖ ಪಡೆದ ಹತ್ತು ಪ್ರಬಂಧಗಳಿದ್ದರೆ ಸೂಚ್ಯಂಕ ಹತ್ತು. ಈ ಲೆಕ್ಕದಲ್ಲಿ ಜಗತ್ತನ್ನೇ ಬದಲಿಸಿದ ಪ್ರಬಂಧವೊಂದು ಸೂಚ್ಯಂಕವನ್ನು ಏರಿಸುವುದು ಹೆಚ್ಚೆಂದರೆ ಒಂದಂಕಿಯಷ್ಟು. ಸಾಧಾರಣವಾದ ಹತ್ತು ಪ್ರಬಂಧಗಳು ಅದಕ್ಕಿಂತ ಲಾಭಕರ! ಮೇಲಾಗಿ, 1974ರ ಚಿಂತನೆ ಜೆಪೆಗ್ ಮಾನಕವಾಗಿ ರೂಪುಗೊಳ್ಳಲು 18 ವರ್ಷ ಹಿಡಿಯಿತು. ವರ್ಷಕ್ಕೊಮ್ಮೆ ಅಂಕ ಕೂಡಿಸುವ ವ್ಯವಸ್ಥೆಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಹಾಗೆಂದು ಉಲ್ಲೇಖಗಳ ಎಣಿಕೆಯನ್ನೇ ತಳ್ಳಿಹಾಕುವುದು ಸರಿಯಲ್ಲ. ಶಿಫಾರಸು, ಸ್ವಜನಪಕ್ಷಪಾತಗಳಿಗಿಂತ ಬಹಿರಂಗವಾದ ಅಂಕಿ ಮೇಲು ಎಂಬ ವಾದದಲ್ಲಿ ಹುರುಳಿದೆ. ಆದರೆ ಅಳತೆಯೇ ಗುರಿಯಾದಾಗ ಅದು ಅಳತೆಯಾಗಿ ಉಳಿಯುವುದಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಎಂಜಿನಿಯರಿಂಗ್ ವಿಭಾಗದಲ್ಲಿ ಸಂಶೋಧನೆ ಮತ್ತು ವೃತ್ತಿಪರ ಕಾರ್ಯಕ್ಕೆ ಶೇ 30ರಷ್ಟು ಮಹತ್ವ ನೀಡುತ್ತದೆ. ಪ್ರಕಟಣೆ, ಉಲ್ಲೇಖಗಳೇ ಅದರಲ್ಲಿ ಪ್ರಮುಖ. ಸಹಜವಾಗಿಯೇ ಕಾಲೇಜುಗಳ ಆಡಳಿತ ಮಂಡಳಿಗಳು ಅಧ್ಯಾಪಕರಿಂದ ಸಂಖ್ಯೆಯನ್ನು ಬಯಸುತ್ತವೆ. ಪರಸ್ಪರ ಉಲ್ಲೇಖಿಸಿಕೊಳ್ಳುವ ಕೂಟಗಳು, ಹಣ ಪಡೆದು ಪ್ರಕಟಿಸುವ ನಿಯತಕಾಲಿಕೆಗಳು ಬೆಳೆಯಲು ಇಂಥ ಒತ್ತಡವೇ ಗೊಬ್ಬರ.

ಎಚ್ಚರದ ಲಕ್ಷಣಗಳು ಕಾಣಿಸದೇ ಇಲ್ಲ. ಪಿಎಚ್.ಡಿ. ಪದವಿಗೆ ಮುನ್ನ ನಿಯತಕಾಲಿಕೆಯಲ್ಲಿ ಪ್ರಬಂಧ ಪ್ರಕಟಿಸಲೇಬೇಕೆಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಪ್ರಕಟವಾಗಿ ಬಳಿಕ ಹಿಂಪಡೆಯಲಾದ ಪ್ರಬಂಧಗಳಿಗೆ ಅಂಕ ಕಡಿತಗೊಳಿಸುವ ಕ್ರಮವನ್ನು ಎನ್‌ಐಆರ್‌ಎಫ್ 2025ರಲ್ಲಿ ಅಳವಡಿಸಿಕೊಂಡಿತು. ಇವು ಸ್ವಾಗತಾರ್ಹ, ಆದರೆ ಇವು ಕೆಟ್ಟದ್ದನ್ನು ತಡೆಯುತ್ತವೆಯೇ ಹೊರತು ಒಳ್ಳೆಯದನ್ನು ಗುರುತಿಸುವುದಿಲ್ಲ.

ಅದಕ್ಕಿರುವ ದಾರಿ ಹಳೆಯದು. ಆಯ್ಕೆ ಸಮಿತಿಗಳು ಅಭ್ಯರ್ಥಿಯ ಅತ್ಯುತ್ತಮ ಮೂರೋ ನಾಲ್ಕೋ ಪ್ರಬಂಧಗಳನ್ನು ಕೇಳಿ ಪಡೆದು, ವಿಷಯತಜ್ಞರಿಂದ ಓದಿಸಿ, ಕಾರಣ ಸಹಿತ ಅಭಿಪ್ರಾಯ ದಾಖಲಿಸಬೇಕು. ಓದುವವರೂ ತಪ್ಪಬಹುದು, 1972ರಲ್ಲಿ ಆದದ್ದು ಅದೇ. ಆದರೆ ಓದಿ ನೀಡಿದ ತೀರ್ಪನ್ನು ಪ್ರಶ್ನಿಸಬಹುದು, ತಿದ್ದಬಹುದು. ಓದದೆಯೇ ಎಣಿಸುವ ಪದ್ಧತಿಯಲ್ಲಿ ಆ ಅವಕಾಶವೂ ಇಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂದು ಕುಳಿತಿರುವ ಮತ್ತೊಬ್ಬ ಅಹ್ಮದ್‌ಗೆ ಬೇಕಿರುವುದು ಆ ಅವಕಾಶ.